ಡಾಕ್ಟರಿಗೇ ಬಂದರೆ

೧೯೫೮ರ ಮಳೆಗಾಲದಲ್ಲಿ ಹೊಸನಗರದ ಡಾಕ್ಟರ್ ಜಯಕೀರ್ತಿಯವರಿಗೆ ಹೊಟ್ಟೆನೋವು ಬಂತು. ತಾವೇ ಒತ್ತಿ ನೋಡಿಕೊಂಡು, ಅಪೆಂಡಿಕ್ಸ್ ಎಂದರು. ಆಪರೇಷನ್ ಆಗಬೇಕಿತ್ತು. ಊರಿಗಿದ್ದ ಡಾಕ್ಟರು ಅವರೊಬ್ಬರೇ. ಸಾಗರದ ಆಸ್ಪತ್ರೆಗೆ ಹೋಗೋಣವೆಂದರೆ ಹೊಳೆ ಉಕ್ಕಿ ದೋಣಿ ನಿಂತುಹೋಗಿತ್ತು.

ಕಾಂಪೌಂಡರ್ ಸೀತಾರಾಮಪ್ಪ ಮಂಚದ ಪಕ್ಕ ಕೂತು ಅವರ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದ. ಇದ್ದಷ್ಟು ಪೆನಿಸಿಲಿನ್ ಕೊಟ್ಟಾಗಿತ್ತು. ಅದಕ್ಕಿಂತ ಹೆಚ್ಚಿನದು ಅವನಿಗೆ ತಿಳಿಯದು.

ರಷ್ಯಾದವರು ನಾಯಿಯನ್ನು ಆಕಾಶಕ್ಕೆ ಕಳಿಸಿದಾಗಿನಿಂದ ಡಾಕ್ಟರಿಗೆ ಅದೇ ಧ್ಯಾನ. ನೋವಿನಲ್ಲೂ ಅದೇ ಮಾತು ತೆಗೆದರು.

“ಮುಂದೆ ಮನುಷ್ಯರು ಮಂಗಳ ಗ್ರಹಕ್ಕೆ ಹೋಗ್ತಾರೆ, ಸೀತಾರಾಮಪ್ಪ. ತಿಂಗಳುಗಟ್ಟಲೆ ದಾರಿ. ನಡುವೆ ಇದು ಬಂದ್ರೆ ಏನ್ ಮಾಡ್ತಾರೆ?”

“ಒಬ್ರು ಡಾಕ್ಟರನ್ನ ಕರ್ಕೊಂಡು ಹೋಗ್ತಾರೆ, ಬಿಡಿ.”

“ಡಾಕ್ಟರಿಗೇ ಬಂದ್ರೆ?”

ಸೀತಾರಾಮಪ್ಪ ಬಟ್ಟೆ ಹಿಂಡಿದ. “ಮಾತಾಡಬೇಡಿ ಸಾರ್, ಸುಸ್ತಾಗ್ತದೆ.”

“ಹೊರಡೋಕೆ ಮುಂಚೇನೇ ಎಲ್ರ ಅಪೆಂಡಿಕ್ಸೂ ತೆಗೆಸಿಬಿಡಬೇಕು,” ಎಂದರು ಡಾಕ್ಟರು. ಮತ್ತೆ ತಾವೇ, “ಆದ್ರೆ ಕಾಯಿಲೆ ಇದೊಂದೇ ಅಲ್ವಲ್ಲ. ಏನೇನು ಅಂತ ತೆಗೆಸೋದು?” ಎಂದರು.

ಸಂಜೆ ನೋವು ತಟ್ಟನೆ ನಿಂತಿತು. ಡಾಕ್ಟರ ಹೆಂಡತಿ ಯಶೋಧಮ್ಮ ಪದ್ಮಾವತಿ ದೇವಿಗೆ ಕೈಮುಗಿದು ಗಂಜಿ ಕಾಯಿಸಲು ಒಳಗೆ ಹೋದರು. ನೋವು ನಿಂತದ್ದು ಅಪೆಂಡಿಕ್ಸ್ ಹೊಟ್ಟೆಯೊಳಗೇ ಒಡೆದದ್ದರಿಂದ ಎಂದು ಡಾಕ್ಟರಿಗೆ ಗೊತ್ತಿತ್ತು. ಅವರ ಮುಖ ನೋಡಿ ಸೀತಾರಾಮಪ್ಪನಿಗೂ ಗೊತ್ತಾಯಿತು. ಇಬ್ಬರೂ ಆಕೆಗೆ ಹೇಳಲಿಲ್ಲ.

ಹೊಳೆ ಇಳಿದು ಮತ್ತೆ ದೋಣಿ ಬಿಡುವ ಹೊತ್ತಿಗೆ ಡಾಕ್ಟರ ಸಂಸ್ಕಾರ ಮುಗಿದಿತ್ತು. ಆಚೆ ದಡದಿಂದ ಕೆರಿಯಮ್ಮನೆಂಬ ಹೆಂಗಸು ಜ್ವರದ ಮಗುವನ್ನೆತ್ತಿಕೊಂಡು ಬಂದು, “ಡಾಕ್ಟ್ರು ಇದಾರಾ?” ಎಂದು ಕೇಳಿದಳು. ಸೀತಾರಾಮಪ್ಪ ಮಗುವಿನ ಹಣೆ ಮುಟ್ಟಿ ನೋಡಿದ. ಒಳಗೆ ಹೋಗಿ ಒದ್ದೆಬಟ್ಟೆ ತಂದ.