ಸಿಡಿಲುಗಾರನ ಹೊಸ ಒಂದನೇ ಸಂಚಿಕೆ

ನಾನು ಕೆಲಸ ಮಾಡುವ ಕಾಮಿಕ್ಸ್ ಅಂಗಡಿಯಲ್ಲಿ ಒಂದು ರೂಢಿಯಿದೆ. ಯಾವುದೇ ಸರಣಿ ಮತ್ತೆ ಮೊದಲಿಂದ ಶುರುವಾದರೆ, ಹಳೆಯ ರಾಮಾಯಣವೆಲ್ಲ ಬೇಡವೆಂದು ಗಿರಾಕಿಗೆ ಹೊಸ ಒಂದನೇ ಸಂಚಿಕೆಯನ್ನೇ ಕೊಡುತ್ತೇವೆ.

ಅಪಘಾತವಾದ ಮೇಲೆ ಭಾವನಿಗೆ ಅಕ್ಕನನ್ನು ಬಿಟ್ಟು ಯಾರ ಗುರುತೂ ಸಿಗುತ್ತಿರಲಿಲ್ಲ; ಓದಿದ ಕಥೆಯನ್ನೇ ತಮ್ಮ ಬದುಕೆಂದು ನಂಬಿಬಿಡುತ್ತಿದ್ದರು. ಅವರ ಮೆಚ್ಚಿನ 'ಸಿಡಿಲುಗಾರ'ನನ್ನು ಎಲ್ಲಿಂದ ಓದಿಸಲಿ ಎಂದು ಅಕ್ಕ ಕೇಳಿದಾಗ, ನಾನು ರೂಢಿಯಂತೆ ಹೊಸ ಒಂದನೆಯದನ್ನೇ ತಂದೆ. ಅದರಲ್ಲಿ ಸಿಡಿಲುಗಾರನಿಗೆ ಇನ್ನೂ ಮದುವೆಯಾಗಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಭಾವ ಪುಸ್ತಕ ಮುಚ್ಚಿ ಅಕ್ಕನತ್ತ ನೋಡಿದರು.

"ತಾವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದರು, ತೀರಾ ಮರ್ಯಾದೆಯಿಂದ.

ನಾನು ದಡಬಡಿಸಿ ಎದ್ದೆ. "ಅಕ್ಕಾ, ಹಳೇ ಸಂಚಿಕೆ ತರ್ತೀನಿ."

"ನೀನು ತಂದಿದ್ದು ಸಾಕು ಮಹರಾಯ. ಹೊಸ ಕಥೆಲಿ ಹೆಂಡತಿ ಬರೋದೇ ಇಲ್ವಾ?"

"ಮೂರನೇದ್ರಲ್ಲಿ ಬರ್ತಾಳೆ. ದಾರಿ ತಪ್ಪಿ ಇವನ ಮನೆ ಬಾಗಿಲು ತಟ್ತಾಳೆ. ಹಿಂದಿಲ್ಲ, ಮುಂದಿಲ್ಲ, ಒಂಟಿ ಹೆಂಗಸು."

ನನ್ನ ಚೀಲದಲ್ಲಿದ್ದ ಮೂರನೆಯದನ್ನು ಅಕ್ಕ ನಿಂತಲ್ಲೇ ಕೊನೆಯ ಪುಟದವರೆಗೂ ಓದಿದಳು. ಆಮೇಲೆ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಮೆಲ್ಲಗೆ ತಟ್ಟಿದಳು.

ಬಾಗಿಲು ತೆರೆದ ಭಾವನ ಮುಖ ಅರಳಿತು. "ಬನ್ನಿ, ಒಳಗೆ ಬನ್ನಿ."

ಅಬ್ಬಾ, ಬದುಕಿದೆ ಎಂದುಕೊಂಡೆ. ಅವರಿಬ್ಬರೂ ಅಕ್ಕಪಕ್ಕ ಕುಳಿತು ನನ್ನನ್ನೇ ನೋಡತೊಡಗಿದರು.

"ಇವರು ನಿಮ್ಮ ಕಡೆಯೋರಾ?" ಭಾವ ಕೇಳಿದರು.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದಳು.

"ಇಲ್ಲಪ್ಪ," ಎಂದಳು. "ನಂಗ್ಯಾರೂ ಇಲ್ಲ."