ಹೇಳಿದವರು: ಹಾಲಿನವಳು

ಮೇಷ್ಟ್ರ ಹೆಂಡತಿ ಮಂಚದ ಕೆಳಗೆ ಕೈ ಹಾಕಿ ಏಳನೇ ಪೆಟ್ಟಿಗೆಯನ್ನು ಈಚೆಗೆ ಎಳೆಯುತ್ತಿದ್ದಳು. ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಬಂದು ನಿಂತಳು.

"ಅತ್ತಿಗೆ, ಅಣ್ಣ ಹಜಾರದಲ್ಲಿ ಮಲಗಿದಾನೆ. ನೀನಿಲ್ಲಿ ಏನು ಹುಡುಕ್ತಿದೀಯ?"

"ಒಗೆದ ಟವೆಲ್ಲು."

"ಟವೆಲ್ಲು ಮಂಚದ ಕೆಳಗಾ?" ಎಂದಳು ನಾದಿನಿ. ಮತ್ತೆ ಕೆದಕಲಿಲ್ಲ, ರಟ್ಟೆ ಹಿಡಿದು ಎಬ್ಬಿಸಿ ಹಜಾರಕ್ಕೆ ಕರೆತಂದಳು.

ವ್ಯಾಕರಣದ ಮೇಷ್ಟ್ರು ಬಿಳಿ ಬಟ್ಟೆಯ ಕೆಳಗೆ ಮಲಗಿದ್ದರು. ಮೂವತ್ತೆಂಟು ವರ್ಷ ಜನರ ಮಾತಿನ ಬೆನ್ನು ಹತ್ತಿದ್ದ ಮನುಷ್ಯ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದು ತರುತ್ತಿದ್ದರು. ಚೀಟಿಯ ತಲೆಯ ಮೇಲೆ ಪೆನ್ಸಿಲ್ಲಿನಲ್ಲಿ ಪದದ ರೂಪ, ಕೆಳಗೆ ಶಾಯಿಯಲ್ಲಿ ಅದು ಬಂದ ವಾಕ್ಯ, ಮೂಲೆಯಲ್ಲಿ ಹೇಳಿದವರು ಯಾರೆಂದು. ಪದಕ್ಕೆ ಬಾಲ, ಅಂದರೆ ಪ್ರತ್ಯಯ, ತನ್ನಷ್ಟಕ್ಕೆ ಹುಟ್ಟುವುದಿಲ್ಲ, ವಾಕ್ಯದಲ್ಲಿ ಸಿಕ್ಕ ಜಾಗವೇ ಅದಕ್ಕೆ ಬಾಲ ಕೊಡುತ್ತದೆ ಎಂಬುದು ಅವರ ಒಂದೇ ಹಟ. ಅದನ್ನು ತೋರಿಸಲು ಹನ್ನೊಂದು ಪೆಟ್ಟಿಗೆ ತುಂಬಿಸಿದ್ದರು. ಪುಸ್ತಕ ಮಾತ್ರ ಮುಗಿದಿರಲಿಲ್ಲ.

ಎದುರುಮನೆಯ ಟೈಲರು ಕಣ್ಣೊರೆಸಿಕೊಳ್ಳುತ್ತ ಹಳೆಯ ಸಂಗತಿಯೊಂದನ್ನು ತೆಗೆದ. ಒಮ್ಮೆ ಗಿರಾಕಿಯೊಬ್ಬ ಅಂಗಡಿಗೆ ಜಗಳಕ್ಕೆ ಬಂದಿದ್ದನಂತೆ. "ಮೇಷ್ಟ್ರು ಮಧ್ಯೆ ಬಂದ್ರು. ಬಿಡಿಸ್ತಾರೆ ಅಂದ್ಕೊಂಡೆ. 'ಆ ಕೊನೇ ಬೈಗುಳ ಇನ್ನೊಂದ್ಸಲ ಹೇಳಪ್ಪ, ಬರ್ಕೋತೀನಿ' ಅಂದ್ರು. ಅವನ ಸಿಟ್ಟೇ ಇಳಿದುಹೋಯ್ತು." ಕೂತವರು ನಕ್ಕು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಮೇಷ್ಟ್ರ ಶಿಷ್ಯ, ಈಗ ತಾನೂ ಕಾಲೇಜಿನಲ್ಲಿ ಪಾಠ ಹೇಳುವವನು, ಮೇಷ್ಟ್ರ ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಮ್ಮ, ಮಣ್ಣು ಮಾಡಿ ಬಂದ್ಮೇಲೆ ಪೆಟ್ಟಿಗೆಗಳನ್ನ ತಗೊಂಡು ಹೋಗ್ತೀನಿ. ಪುಸ್ತಕ ನಾನು ಮುಗಿಸ್ತೀನಿ. ಒಂದೇ ಒಂದು ಕಟ್ಟಿದ ವಾಕ್ಯ ಇಲ್ಲಮ್ಮ ಅದ್ರಲ್ಲಿ, ಎಲ್ಲ ಯಾರೋ ಆಡಿದ್ದೇ. ಅಚ್ಚಿಗೆ ಮೊದಲು ಆಡಿದವರಿಗೆ ಓದಿ ಹೇಳ್ಬೇಕು ಅಂತ ಅವರ ಆಸೆ." ಗೇಟಿನ ಬಳಿ ನಿಂತಿದ್ದ ಹಾಲಿನವಳನ್ನು ಕಂಡು, ಅದರಲ್ಲಿ ನಿಮ್ಮ ಮಾತೂ ಇರಬೇಕು ಎಂದ.

"ನಂದಾ?" ಎಂದಳು ಹಾಲಿನವಳು. "ಹಾಲು ತಂದೆ, ನಾಳೆ ಬರಲ್ಲ. ಇಷ್ಟು ಬಿಟ್ಟು ನಾನೇನು ಆಡಿದೀನಪ್ಪ ಈ ಮನೇಲಿ?"

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಮೇಷ್ಟ್ರ ಹೆಂಡತಿಯ ಕೈ ತಾನಾಗಿ ಹೆಗಲಿಗೆ ಹೋಯಿತು.

*

ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರು ಹತ್ತು ದಿನಕ್ಕೆಂದು ಪರಸ್ಥಳಕ್ಕೆ ಹೋಗಿದ್ದರು. ಕಪಾಟು ಒರೆಸಲೆಂದು ಅವಳು ಏಳನೇ ಪೆಟ್ಟಿಗೆಯನ್ನು ನೆಲಕ್ಕಿಳಿಸಿ ಮರೆತಳು; ಅದೇ ದಿನ ಗೋಡೆಯೊಳಗಿನ ಪೈಪು ಒಡೆಯಿತು. ನೆನೆದ ಚೀಟಿಗಳನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದಳು. ನಲವತ್ತೊಂದು ಚೀಟಿಗಳಲ್ಲಿ ಪೆನ್ಸಿಲ್ಲಷ್ಟೇ ಉಳಿದು ಶಾಯಿ ತೊಳೆದುಹೋಗಿತ್ತು. ತಲೆಯ ಮೇಲೆ ರೂಪವಿದೆ, ಕೆಳಗೆ ವಾಕ್ಯವಿಲ್ಲ.

ಮೇಷ್ಟ್ರು ಕೂಗಾಡುವವರಲ್ಲ. ತಿಂಗಳುಗಟ್ಟಲೆ ಮಾತು ಬಿಡುವವರು. ಅದಕ್ಕಿಂತ ಕೂಗಾಟವೇ ವಾಸಿ.

ಮದುವೆಯಾದ ಮೇಲೆ ಸಂಜೆಶಾಲೆಯಲ್ಲಿ ಅಕ್ಷರ ಕಲಿತವಳು ಅವಳು. ಅವರ ಚೀಟಿಗಳನ್ನು ನಕಲು ಮಾಡಿ ಮಾಡಿ ಅವರ ಕೈಬರಹವೇ ಇವಳ ಕೈಗೂ ಹತ್ತಿತ್ತು. ಅದೇ ರೂಪಗಳಿಗೆ ತಾನೇ ವಾಕ್ಯ ಕಟ್ಟಲು ಹೊಸ ಚೀಟಿ ಕತ್ತರಿಸಿಕೊಂಡು ಕೂತಳು. ಮೊದಮೊದಲು ಬಸ್ಸು, ಬಾಡಿಗೆ, ನೆಗಡಿ ಎಂದು ಏನೋ ಒಂದು ಗೀಚಿದಳು. ಆದರೆ ಪದದ ರೂಪ ಅಷ್ಟಕ್ಕೆ ಬಿಡುವ ಜಾತಿಯಲ್ಲ. 'ಕೇಳಲಿಲ್ಲ' ಎಂದಿದ್ದರೆ ಯಾರು ಕೇಳಲಿಲ್ಲ ಎಂದು ಬರೆಯಬೇಕು. 'ನನಗೆ' ಎಂದಿದ್ದರೆ ಬೇಕೋ ಬೇಡವೋ, ನೋವೋ ಹಸಿವೋ, ಏನಾದರೊಂದು ಬಂದೇ ತೀರಬೇಕು. ಬಾಯಿಬಿಟ್ಟು ಎಂದೂ ಆಡದ್ದನ್ನೆಲ್ಲ ಆ ಬಾಲಗಳು ಹಿಡಿದೆಳೆದು ಹೊರಗೆ ಹಾಕಿದವು. ಹೇಳಿದವರು ಎಂಬಲ್ಲಿ ಟೈಲರ ಹೆಂಡತಿ ಎಂದಳು, ಬಸ್ಸಿನ ಮುದುಕಿ ಎಂದಳು. ಹೆಚ್ಚಿನದನ್ನು ಹಾಲಿನವಳ ತಲೆಗೆ ಕಟ್ಟಿದಳು.

ಮೇಷ್ಟ್ರು ಬಂದರು, ಪೆಟ್ಟಿಗೆ ತೆರೆದು ಒಂದು ಮಧ್ಯಾಹ್ನ ಕೂತರು, ಊಟಕ್ಕೆ ಎದ್ದರು. ಏನೂ ಅನ್ನಲಿಲ್ಲ. ಬದುಕಿದೆ ಅಂದುಕೊಂಡಳು. ಅಂದಿನಿಂದ ಆ ಮುಚ್ಚಳವನ್ನು ಅವಳು ಮುಟ್ಟಿರಲಿಲ್ಲ.

*

ಹೆಣ ಒಯ್ಯುವ ವ್ಯಾನು ಬರಲು ಇನ್ನೂ ಅರ್ಧ ಗಂಟೆಯಿತ್ತು. ನೀರು ಕುಡಿದು ಬರುತ್ತೇನೆಂದು ಎದ್ದಳು. ಮಂಚದ ಕೆಳಗಿನ ಏಳನೇ ಪೆಟ್ಟಿಗೆಯನ್ನು ಅವುಚಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಬಾಗಿಲು. ಹಗಲಲ್ಲೂ ದೀಪ ಬೇಕಾಗುವ ಜಾಗ. ಬಲ್ಬು ಹಾಕಿದಳು, ಒಲೆ ಹಚ್ಚಿದಳು. ಶಿಷ್ಯನ ಕೈಗೆ ಸಿಕ್ಕುವ ಮೊದಲು ನಲವತ್ತೊಂದೂ ಬೂದಿಯಾಗಬೇಕು. ಸತ್ತ ಮೇಲೆ ಅವರನ್ನು ಸುಳ್ಳುಗಾರ ಎನ್ನಿಸಬಾರದು.

ಹೊರಗೆ ನಾದಿನಿ ಯಾರಿಗೋ ಹೇಳುತ್ತಿದ್ದಳು. "ಮದುವೆಗೆ ಮುಂಚೆ ಅತ್ತಿಗೆ ಎಷ್ಟು ಚೆನ್ನಾಗಿ ಹಾಡ್ತಿದ್ಲು ಗೊತ್ತಾ? ಈ ಮನೆಗೆ ಬಂದ್ಮೇಲೆ ಬಾಯಿಗೆ ಬೀಗ."

ಬೆರಳಿಗೆ ಸಿಕ್ಕ ಮೊದಲ ಚೀಟಿಯನ್ನು ಉರಿಯ ಕಡೆಗೆ ಒಯ್ದವಳು ತಡೆದಳು. ಅದರ ಮೇಲೆ ಕೆಂಪು ಶಾಯಿಯಿತ್ತು. ಅದು ಅವಳು ಹಾಕಿದ್ದಲ್ಲ.

'ಅಡುಗೆಮನೆಗೆ ಒಂದು ಕಿಟಕಿ ಇದ್ದಿದ್ದರೆ ನಾನು ಹಾಡುತ್ತಿದ್ದೆ.'

'ಇದ್ದಿದ್ದರೆ' ಎಂಬುದರ ಕೆಳಗೊಂದು ಗೆರೆ, 'ಹಾಡುತ್ತಿದ್ದೆ' ಎಂಬುದರ ಕೆಳಗೊಂದು. ಎರಡನ್ನೂ ಕೂಡಿಸಿ ಮೇಲೆ ಒಂದು ಕಮಾನು. ಪಕ್ಕದಲ್ಲಿ 'ಒಳ್ಳೆಯ ಉದಾಹರಣೆ' ಎಂದಿತ್ತು. ಮೂಲೆಯಲ್ಲಿ 'ಹಾಲಿನವಳು' ಎಂಬುದನ್ನು ಹೊಡೆದುಹಾಕಿ, ಅದೇ ಕೆಂಪಿನಲ್ಲಿ 'ನನ್ನ ಹೆಂಡತಿ' ಎಂದು ಬರೆದಿತ್ತು.

ಇನ್ನೊಂದು ತೆಗೆದಳು. ಮತ್ತೊಂದು. ನಲವತ್ತೊಂದರಲ್ಲೂ ಗೆರೆ, ಕಮಾನು, ನನ್ನ ಹೆಂಡತಿ. ಅವರು ಬರೆಯುತ್ತಿದ್ದ ಮೇಜಿನಿಂದ ಈ ಒಲೆಗೆ ಒಂಬತ್ತು ಹೆಜ್ಜೆ. ಇಪ್ಪತ್ತೆರಡು ವರ್ಷ.

ವ್ಯಾನು ಬಂತೆಂದು ಶಿಷ್ಯ ಬಾಗಿಲು ತಟ್ಟಿದ. ಅವಳು ಒಲೆ ಆರಿಸಿ, ಚೀಟಿಗಳನ್ನು ಇದ್ದ ಹಾಗೇ ಜೋಡಿಸಿ, ಪೆಟ್ಟಿಗೆಯನ್ನು ತಂದು ಅವನ ಕೈಗಿಟ್ಟಳು.

"ಬಂದ್ಮೇಲೆ ಇದನ್ನೂ ತಗೊಂಡು ಹೋಗು. ಇದರಲ್ಲಿರೋದನ್ನ ಹಾಲಿನವಳಿಗೆ ಓದೋದು ಬೇಡ."

"ಮತ್ತೆ ಯಾರಿಗೆ ಓದ್ಲಮ್ಮ?"

ಅವಳು ಹಜಾರದ ಕಡೆ ನೋಡಿದಳು. ನಾಲ್ಕು ಜನ ಸೇರಿ ಮೇಷ್ಟ್ರನ್ನು ಎತ್ತುತ್ತಿದ್ದರು.

ಎಲ್ಲರೂ ಹೋದ ಮೇಲೆ ಮನೆ ಖಾಲಿಯಾಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಅಡುಗೆಮನೆಯಲ್ಲಿ, ನಡುಮಧ್ಯಾಹ್ನದಲ್ಲಿ, ಬಲ್ಬು ಉರಿಯುತ್ತಲೇ ಇತ್ತು.