ಪಾಂಡುನ ಪಾಳಿ

ವೇದವ್ಯಾಸ ಮಾಸ್ತರರಿಗೆ ತಮ್ಮ ವಿದ್ಯಾರ್ಥಿಗಳೆಂದರೆ ಅಷ್ಟಕ್ಕಷ್ಟೆ. ಟಿಕೋಟಾ, ಬಬಲೇಶ್ವರ ಕಡೆಯ ಕುರಿ ಕಾಯುವವರ ಮಕ್ಕಳು. ಪೊಲೀಸ್ ಪರೀಕ್ಷೆಗೆ ಆನ್‌ಲೈನ್‌ನಲ್ಲಿ ಗಣಿತ ಕಲಿಯುತ್ತವಂತೆ! "ಕ್ವಾಣನ ಮುಂದ ಕಿನ್ನರಿ ಬಾರಿಸಿದಂಗ," ಎಂದು ಹೆಂಡತಿ ಶರ್ವರಿಯ ಮುಂದೆ ನಗುತ್ತಿದ್ದರು. ಅಷ್ಟಕ್ಕೇ ಬಿಡದೆ, ಬಾರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದರು ಪುಣ್ಯಾತ್ಮರು. ಮೂರು ವರ್ಷದ ಹಿಂದೆ ಒಮ್ಮೆಲೇ ರೆಕಾರ್ಡ್ ಮಾಡಿಟ್ಟ ಪಾಠಗಳನ್ನೇ ದಿನಕ್ಕೊಂದರಂತೆ ಮುಂಜಾನೆ 'ಲೈವ್' ಎಂದು ಹಚ್ಚಿ, ತಾವು ಸಿದ್ಧೇಶ್ವರ ಗುಡಿಯ ಹತ್ತಿರ ಸೂಸಲಾ ಮಿರ್ಚಿ ತಿನ್ನಲು ಹೋಗುತ್ತಿದ್ದರು. ಭಲೆ ಮಾಸ್ತರಿಕೆ!

ಈಗ ನೋಡಿ, ಆ ಕುರಿ ಕಾಯುವವರ ಮಕ್ಕಳ ಹತ್ತಿರವೇ ಕೆಲಸ ಬಿತ್ತು. ಮಾಸ್ತರರ ಕೋಚಿಂಗ್ ಸಂಸ್ಥೆ 'ಮೆಚ್ಚಿನ ಆನ್‌ಲೈನ್ ಗುರು' ಎಂದು ಒಬ್ಬರನ್ನು ಆರಿಸುವುದಿತ್ತು. ಅವರೇ ಮುಂದಿನ ಪ್ರಾಚಾರ್ಯರು. ಕರಾರು ಒಂದೇ: ವಿದ್ಯಾರ್ಥಿಗಳು ಗುರುವಿಗೆ ಸತ್ಕಾರ ಮಾಡಿ ನಾಲ್ಕು ಮಾತಾಡುವುದನ್ನು ಸಂಸ್ಥೆಯ ಒಡತಿ ಭಾಗೀರಥೀಬಾಯಿ ವಿಜಯಪುರದಲ್ಲಿ ಕೂತು ಲೈವ್ ನೋಡಬೇಕು. ರೆಕಾರ್ಡ್ ನಡೆಯದು.

ಪ್ರಾಚಾರ್ಯರ ಖುರ್ಚಿಯ ಆಸೆಗೆ ಮಾಸ್ತರರು ಅತ್ತರು ಪೂಸಿಕೊಂಡು ಟಿಕೋಟಾಕ್ಕೆ ಹೋದರು. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಇಪ್ಪತ್ತು ಮಂದಿ ಕಾಯುತ್ತಿದ್ದರು. ಸಗಣಿ ತುಳಿದೇನೆಂದು ಅವರು ಧೋತರ ಎತ್ತಿ ಹಿಡಿದೇ ಒಳಗೆ ಬಂದರು. ಅಮೋಘಸಿದ್ದ ಎಂಬ ಎತ್ತರದ ಹುಡುಗ ಮೊಬೈಲ್ ಹಿಡಿದ. ಲಲಿತಾ ಎಂಬ ಹುಡುಗಿ ಶಾಲು ಹಿಡಿದು ಮಾತಿಗೆ ನಿಂತಳು.

"ಸರ್ ಒಂದ ದಿನಾನೂ ಕ್ಲಾಸ್ ತಪ್ಪಿಸಿಲ್ರಿ."

ಮಾಸ್ತರರು ಗದ್ದ ಎತ್ತಿದರು.

"ನೆಗಡಿ ಇಲ್ಲ, ಜ್ವರ ಇಲ್ಲ. ಅಂಗಿನೂ ಬದಲಾಗಿಲ್ರಿ."

ಗದ್ದ ಇಳಿಯಿತು.

"ದಿನಾ ಪಾಠದ ನಡುವ ಸರ್ 'ಪಾಂಡು, ತಿಳೀತೇನೋ?' ಅಂತಾರ್ರಿ. ನಮ್ಮೊಳಗ ಪಾಂಡು ಅನ್ನಾವ ಯಾರೂ ಇಲ್ಲ, ಹಳೇ ಹುಡುಗ ಯಾರೋ ಇರಬೇಕು. ಅಷ್ಟ ಅಕ್ಕರತಿಲೆ ಕೇಳಿದ್ರ ಓ ಅನ್ನಾಕರ ಒಬ್ರು ಬ್ಯಾಡೇನ್ರಿ? ಕಾಲುವಿ ನೀರಿಗೆ ಹಚ್ಚಿದಂಗ ಪಾಳಿ ಹಚ್ಚಿದ್ವಿ. ಸೋಮವಾರ ನಾನ ಪಾಂಡು, ಮಂಗಳವಾರ ಅಮೋಘಸಿದ್ದ. ನಾವು 'ಇಲ್ರಿ ಸರ್, ತಿಳೀಲಿಲ್ಲ' ಅಂತಿದ್ವಿ. ಸರ್ 'ಶಾಬಾಸ್' ಅಂತಿದ್ರು."

ಶೆಡ್ಡಿನ ತಗಡಿನ ಪತ್ರಾಸು ಹಾರುವಂತೆ ನಗೆ ಎದ್ದಿತು. ಮಾಸ್ತರರು ಮೊಬೈಲಿಗೆ ಕೈ ಹಾಕಿದರು. ಅಮೋಘಸಿದ್ದ ಅದನ್ನು ತಲೆಯ ಮೇಲೆತ್ತಿದ. "ತಡೀರಿ ಸರ್, ಸತ್ಕಾರ ಇನ್ನೂ ಆಗಿಲ್ಲ. ಭಾಗೀರಥೀಬಾಯಾರು ನೋಡಾಕತ್ತಾರ."

ಲಲಿತಾ ನಗಲಿಲ್ಲ. "ತಿಳೀಲಿಲ್ಲ ಅಂತ ಕುಂತ್ರ ನೌಕರಿ ಬರತದೇನ್ರಿ? ಅವತ್ತಿನ ಪಾಂಡು ಆ ಲೆಕ್ಕ ಹೆಂಗಾರ ಬಿಡಿಸ್ಕೊಂಡ ಬಂದು ಸಂಜಿಕ ಎಲ್ಲಾರಿಗೂ ಹೇಳಬೇಕು ಅಂತ ಮಾಡಿದ್ವಿ. ಹದಿನೆಂಟ ಮಂದಿ ಪಾಸಾಗೇವ್ರಿ. ನಮಗ ಕಲಿಸಿದಾವ ಪಾಂಡು. ಶಾಲು ಅವಂದು."

ಹೇಳಿದವಳೇ ಆ ಶಾಲನ್ನು ಮಾಸ್ತರರಿಗೇ ಹೊದಿಸಿದಳು.

"ಇವತ್ತ ಪಾಂಡುನ ಪಾಳಿ ನಿಮ್ಮದ್ರಿ. ಪಾಂಡು ಸರ್, ತಿಳೀತೇನ್ರಿ?"

ರೆಕಾರ್ಡಿನಲ್ಲಿ 'ತಿಳೀತೇನೋ?' ಎಂದ ಮೇಲೆ ಮಾಸ್ತರರು ಎಷ್ಟು ಹೊತ್ತು ಕಾಯುತ್ತಿದ್ದರೋ ಲಲಿತಾ ಸರಿಯಾಗಿ ಅಷ್ಟೇ ಹೊತ್ತು ಕಾದಳು.

"ಶಾಬಾಸ್," ಅಂದಳು.